ಜೇಬಿನೊಳಗಣ ಕಣಜ

ನಮ್ಮ ಕಡೆ ‘ಪೆನ್‌ಡ್ರೈವ್’ ಎಂದು ಕರೆಯುವ ಪದಾರ್ಥಕ್ಕೂ ಲೇಖನಿಗೂ ಏನು ನಂಟು ಎಂಬುದನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಅದಕ್ಕೆ ಮಸಿಯಿಲ್ಲ, ಮುಳ್ಳಿಲ್ಲ. ಕೈಯಲ್ಲಿ ಹಿಡಿದು ಒಂದು ‘ಶ್ರೀ’ ಬರೆಯೋಣವೆಂದರೂ ಆಗದು. ಇಂಗ್ಲಿಷ್ ಮಾತನಾಡುವ ಹೊರದೇಶದವರು ಹೆಬ್ಬೆರಳಿನ ಗಾತ್ರವನ್ನು ನೋಡಿ ಅದಕ್ಕೆ ಹೆಬ್ಬೆರಳಿನ ಹೆಸರಿಟ್ಟಿದ್ದಾರೆ. ಫ್ರೆಂಚರು ಕೀಲಿಕೈ ಎನ್ನುತ್ತಾರೆ. ಮೂರರಲ್ಲಿ ಫ್ರೆಂಚರ ಹೆಸರೇ ನನಗೆ ಒಪ್ಪಿಗೆ. ಬೇಕಾದಾಗ ಸಿಕ್ಕದಿರುವ ವಿಷಯದಲ್ಲಿ ಅದೂ ಬೀಗದ ಕೈಯೂ ಒಂದೇ ಜಾತಿ; ಎರಡೂ ಕೊನೆಗೆ ದೊರೆಯುವುದು ಒಗೆಯಲು ಹಾಕಿದ ಷರಾಯಿಯ ಜೇಬಿನಲ್ಲಿಯೇ.

ಅದನ್ನು ಕಂಪ್ಯೂಟರಿಗೆ ಸಿಕ್ಕಿಸುವುದೂ ಒಂದು ವಿದ್ಯೆ. ಸರಿಯಾದ ಮಗ್ಗುಲು ಎರಡರಲ್ಲಿ ಒಂದು. ಆದರೂ ಮೊದಲನೆಯ ಸಲ ಹೋಗುವುದಿಲ್ಲ, ತಿರುಗಿಸಿದರೆ ಎರಡನೆಯ ಸಲವೂ ಹೋಗುವುದಿಲ್ಲ, ಮತ್ತೆ ಮೊದಲಿನಂತೆಯೇ ಹಿಡಿದರೆ ಸಲೀಸಾಗಿ ಹೋಗಿ ಕುಳಿತುಕೊಳ್ಳುತ್ತದೆ. ೧೯೯೬ರಲ್ಲಿ ಬಂದ ಈ ಯುಎಸ್‌ಬಿ ಎಂಬ ಏರ್ಪಾಟನ್ನು ರೂಪಿಸಿದವರಲ್ಲಿ ಮುಖ್ಯರು ಬರೋಡೆಯಲ್ಲಿ ಓದಿ ಅಮೆರಿಕಕ್ಕೆ ಹೋಗಿ ಇಂಟೆಲ್ ಸಂಸ್ಥೆಯಲ್ಲಿದ್ದ ಅಜಯ್ ಭಟ್ ಅವರು. ಎರಡು ಮಗ್ಗುಲಿಂದಲೂ ಸಿಕ್ಕಿಸುವಂತೆ ಮಾಡಬಹುದಿತ್ತು, ಆದರೆ ತಂತಿಯೂ ಖರ್ಚೂ ಇಮ್ಮಡಿಯಾಗುತ್ತಿತ್ತು ಎಂದು ಅವರೇ ಮುಂದೆ ಹೇಳಿದ್ದುಂಟು. ನಾಲ್ಕು ಕಾಸು ಉಳಿಸಲು ಹೋಗಿ ಲೋಕದ ಜನರ ಎಷ್ಟು ಗಳಿಗೆಗಳು ಹಾಳಾದವೆಂಬ ಲೆಕ್ಕವನ್ನು ಯಾರಾದರೂ ಹಾಕಬೇಕು. ಆದರೆ ಅಗ್ಗವಾಗಿದ್ದುದರಿಂದಲೇ ಅದು ಎಲ್ಲರ ಮನೆಗೂ ಬಂದಿತೆಂಬುದನ್ನೂ ಆ ಲೆಕ್ಕದಲ್ಲಿ ಸೇರಿಸಬೇಕು.

ಪೆನ್‌ಡ್ರೈವ್ ಹುಟ್ಟಿದ್ದು ಅದಾದ ನಾಲ್ಕು ವರ್ಷದ ಮೇಲೆ. ೨೦೦೦ದಲ್ಲಿ ಸಿಂಗಪುರದ ಒಂದು ಸಂಸ್ಥೆಯೂ ಇಸ್ರೇಲಿನ ಒಂದು ಸಂಸ್ಥೆಯೂ ಹೆಚ್ಚು ಕಡಮೆ ಒಟ್ಟಿಗೇ ಇದನ್ನು ಪೇಟೆಗೆ ತಂದವು. ಮೊದಲು ಯಾರದೆಂಬ ವ್ಯಾಜ್ಯ ನ್ಯಾಯಾಲಯದವರೆಗೂ ಹೋಯಿತು. ಇಸ್ರೇಲಿನವರು ಮಾಡಿ ಐಬಿಎಂ ಮಾರಿದ ಮೊದಲ ಕಡ್ಡಿಯಲ್ಲಿ ಹಿಡಿಯುತ್ತಿದ್ದದ್ದು ೮ ಮೆಗಾಬೈಟು, ಅಂದರೆ ಐದೂವರೆ ಫ್ಲಾಪಿ. ಫ್ಲಾಪಿಯನ್ನು ನೋಡಿದ ತಲೆಮಾರಿನವರಿಗೆ ಅದೇ ಒಂದು ಪವಾಡವಾಗಿತ್ತು. ಈಗ ಬೀದಿ ಬದಿಯ ಅಂಗಡಿಯಲ್ಲಿ ಸಿಕ್ಕುವ ೧೬ ಜಿಬಿಯ ಕಡ್ಡಿ ಹತ್ತು ಸಾವಿರ ಫ್ಲಾಪಿಗಳನ್ನು ನುಂಗಿ ಸುಮ್ಮನೆ ಕುಳಿತಿರುತ್ತದೆ. ಕಂಪ್ಯೂಟರಿಗೆ ಹಾಕಿದರೆ ಅದು ೧೪.೯ ಎಂದು ತೋರಿಸುವುದನ್ನು ಕಂಡು ಅಂಗಡಿಯವನೊಡನೆ ಜಗಳಕ್ಕೆ ಹೋದ ಮಿತ್ರರೊಬ್ಬರು ನನಗಿದ್ದಾರೆ. ಅಂಗಡಿಯವನ ತಪ್ಪಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ಕಂಪ್ಯೂಟರು ೧೦೨೪ರ ಲೆಕ್ಕದಲ್ಲಿ. ಒಂದೂರಿನ ಸೇರು ಇನ್ನೊಂದೂರಿನಲ್ಲಿ ಕೊಂಚ ದೊಡ್ಡದಾಗಿರುತ್ತಿದ್ದುದನ್ನು ಕಂಡ ನಮ್ಮ ಹಿರಿಯರಾಗಿದ್ದರೆ ಇದಕ್ಕೆ ಆಶ್ಚರ್ಯಪಡುತ್ತಿರಲಿಲ್ಲ.

ಇಷ್ಟು ಪುಟ್ಟ ಜಾಗದಲ್ಲಿ ಇಷ್ಟೆಲ್ಲ ಹೇಗೆ ಹಿಡಿಯುತ್ತದೆ? ಒಳಗಿರುವುದು ಬಿಲ್ಲೆಯಂಥ ಒಂದು ಚಿಪ್ಪು. ಅದರಲ್ಲಿ ಕೋಟಿಗಟ್ಟಲೆ ಸೂಕ್ಷ್ಮ ಕೋಣೆಗಳು. ಒಂದೊಂದು ಕೋಣೆಗೂ ವಿದ್ಯುತ್ತು ಹರಿಯಲಾರದ ಗೋಡೆ, ಬಾಗಿಲು ಮಾತ್ರ ಇಲ್ಲ. ಒತ್ತಡ ಕೊಟ್ಟು ಗೋಡೆಯ ಮೂಲಕವೇ ಎಲೆಕ್ಟ್ರಾನುಗಳನ್ನು ಒಳಕ್ಕೆ ತೂರಿಸುತ್ತಾರೆ. ಅಳಿಸಬೇಕಾದರೆ ಹಾಗೆಯೇ ಹೊರಕ್ಕೆ ಎಳೆಯುತ್ತಾರೆ. ಜಪಾನಿನ ತೊಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೊಕ ಎಂಬ ಎಂಜಿನಿಯರು ಈ ಉಪಾಯವನ್ನು ೧೯೮೪ರಲ್ಲಿ ವಿದ್ವಾಂಸರ ಮುಂದೆ ಇಟ್ಟರು. ಅಳಿಸುವಾಗ ಒಂದು ದೊಡ್ಡ ಭಾಗವೆಲ್ಲ ಒಮ್ಮೆಗೇ ಅಳಿಸಿ ಹೋಗುವುದನ್ನು ಕಂಡ ಅವರ ಸಹೋದ್ಯೋಗಿಗೆ ಕ್ಯಾಮರಾದ ಮಿಂಚುದೀಪ ನೆನಪಾಯಿತಂತೆ; ‘ಫ್ಲ್ಯಾಶ್’ ಎಂಬ ಹೆಸರು ಬಂದದ್ದು ಹಾಗೆ.

ಇಲ್ಲೊಂದು ಸೂಕ್ಷ್ಮವಿದೆ. ಎಲೆಕ್ಟ್ರಾನುಗಳನ್ನು ಪ್ರತಿ ಸಲ ತೂರಿಸಿದಾಗಲೂ ಆ ಗೋಡೆ ಒಂದಿಷ್ಟು ಸವೆಯುತ್ತದೆ. ಏನೂ ಬರೆಯದೆ ಸುಮ್ಮನೆ ಇಟ್ಟರೂ, ವರ್ಷಗಳು ಉರುಳಿದಂತೆ ಒಳಗಿದ್ದವು ಒಂದೊಂದಾಗಿ ಸೋರಿ ಹೋಗುತ್ತವೆ. ಬಿಸಿಲ ಝಳಕ್ಕೆ ಇನ್ನೂ ಬೇಗ. ಎಂದರೆ ಇದು ಒಂದು ಮನೆಯಿಂದ ಇನ್ನೊಂದು ಮನೆಗೆ ಅಕ್ಕಿಮೂಟೆ ಸಾಗಿಸುವ ಗಾಡಿಯೇ ಹೊರತು ಅಕ್ಕಿ ತುಂಬಿಡುವ ಕಣಜವಲ್ಲ. ನಾವು ಮಾತ್ರ ಮಗುವಿನ ನಾಮಕರಣದ ಚಿತ್ರಗಳಿಂದ ಹಿಡಿದು ಮನೆಯ ಕ್ರಯಪತ್ರದ ನಕಲಿನವರೆಗೆ ಎಲ್ಲವನ್ನೂ ಇದಕ್ಕೆ ತುಂಬಿ, ಬೀರುವಿನ ಒಳಗೂಡಿನಲ್ಲಿಟ್ಟು, ‘ಭದ್ರವಾಗಿದೆ’ ಎಂದು ನಿಟ್ಟುಸಿರು ಬಿಡುತ್ತೇವೆ. ತಾಳೆಗರಿಗೆ ವರ್ಷಕ್ಕೊಮ್ಮೆ ಎಣ್ಣೆ ಸವರುತ್ತಿದ್ದವರ ವಂಶಸ್ಥರು ನಾವು.

ಗಾಡಿಯಾಗಿ ಅದರ ಸೇವೆ ದೊಡ್ಡದು. ಅದನ್ನು ನೋಡಬೇಕಾದರೆ ಜೆರಾಕ್ಸ್ ಅಂಗಡಿಯ ಮುಂದೆ ಅರ್ಧ ಗಂಟೆ ನಿಲ್ಲಬೇಕು. ಹಾಲ್ ಟಿಕೆಟ್ಟಿನ ಹುಡುಗಿ, ಮದುವೆಯ ಕರೆಯೋಲೆಯ ಯಜಮಾನರು, ಬಾಡಿಗೆ ಕರಾರಿನ ದಂಪತಿಗಳು, ಎಲ್ಲರ ಕಡ್ಡಿಗಳೂ ಆ ಒಂದೇ ಕಂಪ್ಯೂಟರಿನ ಒಂದೇ ಕಿಂಡಿಯಲ್ಲಿ ಹೊಕ್ಕು ಹೊರಡುತ್ತವೆ. ಮಡಿ ಮೈಲಿಗೆ ಒಂದೂ ಇಲ್ಲ. ಆದ್ದರಿಂದ ಅಂಟುಜಾಡ್ಯಕ್ಕೂ ಕೊರತೆಯಿಲ್ಲ. ಮನೆಗೆ ಬಂದು ನೋಡಿದರೆ ಕಡತಗಳಿದ್ದ ಜಾಗದಲ್ಲಿ, ಮೂಲೆಯಲ್ಲಿ ಬಾಗಿದ ಬಾಣದ ಗುರುತುಳ್ಳ ‘ಶಾರ್ಟ್‌ಕಟ್’ಗಳು ಸಾಲಾಗಿ ಕುಳಿತಿರುತ್ತವೆ, ಅವನ್ನು ಒತ್ತಿದರೆ ರೋಗ ಮನೆಯ ಕಂಪ್ಯೂಟರಿಗೂ ಹರಡುತ್ತದೆ. ಗಾಬರಿ ಬೇಡ. ಸಾಮಾನ್ಯವಾಗಿ ಕಡತಗಳು ಅಲ್ಲಿಯೇ ಇರುತ್ತವೆ, ಕಣ್ಣಿಗೆ ಕಾಣದಂತೆ ಮುಸುಕು ಹಾಕಿರುತ್ತದೆ, ಅಷ್ಟೆ. ಮೊದಲು ವೈರಸ್ ಹಿಡಿಯುವ ತಂತ್ರಾಂಶವನ್ನು ಓಡಿಸಿ, ಆಮೇಲೆ ಕಪ್ಪು ಪರದೆಯಲ್ಲಿ ‘ಆಟ್ರಿಬ್’ ಎಂದು ತೊಡಗುವ ಒಂದು ಸಾಲಿನ ಆಜ್ಞೆ ಕೊಟ್ಟರೆ ಮುಸುಕು ಹೋಗುತ್ತದೆ. ಇದನ್ನು ಬಲ್ಲ ಹುಡುಗ ಪ್ರತಿ ಬೀದಿಗೊಬ್ಬ ಇದ್ದಾನೆ.

ಇನ್ನು ಕನ್ನಡದ ನಮಗೇ ಮೀಸಲಾದ ಒಂದು ತೊಂದರೆ. ಹತ್ತು ಹದಿನೈದು ವರ್ಷದ ಹಿಂದೆ ‘ನುಡಿ’ಯಲ್ಲೋ ‘ಬರಹ’ದಲ್ಲೋ ಬೆರಳಚ್ಚು ಮಾಡಿದ ಲೇಖನವನ್ನು, ಆ ಅಕ್ಷರಗಳಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ, ರೋಮನ್ ಅಕ್ಷರಗಳಿಗೆ ಕೊಂಬು ಬಾಲ ಮೂಡಿ ಮಂತ್ರವಾದಿಯ ಚೀಟಿಯಂತೆ ಕಾಣುತ್ತದೆ. ಕಡ್ಡಿ ಕೆಟ್ಟಿತೆಂದು ಅದನ್ನು ಎಸೆದವರುಂಟು! ಕಡ್ಡಿಗೆ ಏನೂ ಆಗಿರುವುದಿಲ್ಲ. ಆ ಅಕ್ಷರಗಳನ್ನು ಹಾಕಿಕೊಂಡರೆ, ಇಲ್ಲವೆ ಯೂನಿಕೋಡಿಗೆ ಪರಿವರ್ತಿಸಿದರೆ, ಕನ್ನಡ ಮತ್ತೆ ಕನ್ನಡವಾಗುತ್ತದೆ. ಹಾಗೆಯೇ, ಜಾಗವಿದ್ದರೂ ಮದುವೆಯ ವಿಡಿಯೊ ಒಳಗೆ ಹೋಗುವುದಿಲ್ಲವೆಂದು ಕೊರಗುವವರು ಒಂದು ವಿಷಯ ತಿಳಿದಿರಬೇಕು: ‘ಫ್ಯಾಟ್ ೩೨’ ಎಂಬ ಹಳೆಯ ಪದ್ಧತಿಯಲ್ಲಿ ೪ ಜಿಬಿಯಷ್ಟು ದೊಡ್ಡ ಕಡತಕ್ಕೆ ಪ್ರವೇಶವಿಲ್ಲ. ‘ಎಕ್ಸ್‌ಫ್ಯಾಟ್’ ಎಂಬ ಪದ್ಧತಿಗೆ ಬದಲಾಯಿಸಿಕೊಳ್ಳಬೇಕು. ಬದಲಾಯಿಸುವ ಮುನ್ನ ಒಳಗಿರುವುದನ್ನೆಲ್ಲ ಬೇರೆ ಕಡೆ ಇಳಿಸಿಕೊಳ್ಳಬೇಕು.

ಇವೆಲ್ಲ ನೆಗಡಿ ಕೆಮ್ಮು. ನಿಜವಾದ ಕಾಯಿಲೆಯನ್ನು ನಾನು ಕಂಡದ್ದು ೨೦೨೨ರಲ್ಲಿ, ನಮ್ಮ ಅಕ್ಕನ ಕಡ್ಡಿಯಲ್ಲಿ.

ನಮ್ಮ ತಾಯಿ ಮಲೆನಾಡಿನವರು. ಹಸೆಯ ಹಾಡುಗಳನ್ನು ಹೇಳುವುದರಲ್ಲಿ ಆ ಸೀಮೆಗೆಲ್ಲ ಹೆಸರಾಗಿದ್ದವರು. ಎಣ್ಣೆ ಹಚ್ಚುವುದಕ್ಕೆ, ಹಸೆಗೆ ಕರೆಯುವುದಕ್ಕೆ, ಬಾಗಿಲು ತಡೆಯುವುದಕ್ಕೆ, ಬೀಗರನ್ನು ಗೇಲಿ ಮಾಡುವುದಕ್ಕೆ, ಹೆಣ್ಣು ಒಪ್ಪಿಸುವುದಕ್ಕೆ, ಪ್ರತಿಯೊಂದಕ್ಕೂ ಅವರಲ್ಲಿ ಹಾಡಿತ್ತು; ಬರೆದುಕೊಂಡದ್ದು ಒಂದೂ ಇರಲಿಲ್ಲ. ೨೦೧೧ರ ನವರಾತ್ರಿಯ ರಜೆಯಲ್ಲಿ ನಮ್ಮ ಭಾವ ಅವರನ್ನು ಅಡುಗೆಮನೆಯ ಮಣೆಯ ಮೇಲೆ ಕೂರಿಸಿ, ಫೋನು ಹಿಡಿದು, ಹತ್ತು ದಿನದಲ್ಲಿ ನಲವತ್ತಮೂರು ಹಾಡು ತುಂಬಿಸಿಕೊಂಡರು. ಭಾವ ಬ್ಯಾಂಕಿನಲ್ಲಿದ್ದವರು, ಒಂದು ನೋಟ್‌ಪುಸ್ತಕದಲ್ಲಿ ಕ್ರಮಸಂಖ್ಯೆ ಹಾಕಿ ಹಾಡಿನ ಹೆಸರು, ಸಂದರ್ಭ, ತಾರೀಖು ಎಲ್ಲವನ್ನೂ ಬರೆದಿಟ್ಟು, ಹಾಡುಗಳನ್ನು ೮ ಜಿಬಿಯ ಒಂದು ಪೆನ್‌ಡ್ರೈವಿಗೆ ಇಳಿಸಿದರು. ೨೦೧೩ರಲ್ಲಿ ಅಮ್ಮ ಹೋದರು. ಆ ಫೋನು ಹೊಸದಕ್ಕೆ ವಿನಿಮಯವಾಯಿತು. ಆ ಕಂಪ್ಯೂಟರು ಹಳೆಯ ಸಾಮಾನಿನವನ ಗಾಡಿ ಹತ್ತಿತು. ೨೦೨೦ರಲ್ಲಿ ಭಾವನೂ ಹೋದರು. ಉಳಿದದ್ದು ಆ ಕಡ್ಡಿ ಒಂದೇ. ಅಕ್ಕ ಅದನ್ನು, ಅಕ್ಕಸಾಲಿಗರು ಕೊಡುವ ಗುಲಾಬಿ ಕಾಗದದಲ್ಲಿ ಸುತ್ತಿ, ತನ್ನ ಮೂಗುಬಟ್ಟಿನ ಡಬ್ಬಿಯಲ್ಲಿ ಇಟ್ಟಿದ್ದಳು.

ಮೊಮ್ಮಗಳ ಮದುವೆ ಗೊತ್ತಾಯಿತು. ಬಾಗಿಲು ತಡೆಯುವ ಹಾಡನ್ನು ಹುಡುಗಿಯರಿಗೆ ಕಲಿಸಬೇಕೆಂದು ಅಕ್ಕ ಡಬ್ಬಿಯ ಸಮೇತ ಬೆಂಗಳೂರಿಗೆ ಬಂದಳು. ನಮ್ಮ ಮನೆಯ ಕಂಪ್ಯೂಟರಿಗೆ ಸಿಕ್ಕಿಸಿದೆವು. ದೀಪ ಮಿನುಗಿತು, ಹಿಂದೆಯೇ ಒಂದು ಚೌಕಟ್ಟು ಎದ್ದು ನಿಂತಿತು: ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೆ?

ಲೋಕದಲ್ಲಿ ಇಷ್ಟು ವಿನಯದಿಂದ ಇಷ್ಟು ಘೋರವಾದ ಪ್ರಶ್ನೆಯನ್ನು ಕೇಳುವ ಯಂತ್ರ ಇನ್ನೊಂದಿಲ್ಲ. ‘ನಿಮ್ಮ ಕಣಜದ ಬಾಗಿಲು ತೆರೆಯಲಾಗುತ್ತಿಲ್ಲ, ಒಳಗಿನದನ್ನು ಸುಟ್ಟು ಹೊಸ ಬಾಗಿಲು ಇಡಲೆ?’ ಎಂದು ಕೇಳಿದಂತೆ. ಅದೂ ಎರಡು ಗುಂಡಿಗಳಲ್ಲಿ ಎದ್ದು ಕಾಣುವುದು ‘ಹೌದು’ ಎನ್ನುವ ಗುಂಡಿಯೇ. ನಾನು ‘ಬೇಡ’ವನ್ನು ಒತ್ತಿದೆ. ಅಂಗಡಿಯೊಂದರಲ್ಲಿ ತೋರಿಸಿದೆವು. “ಫಾರ್ಮ್ಯಾಟ್ ಮಾಡಿಬಿಡಿ ಸಾರ್, ಹೊಸದರ ಹಾಗೆ ಆಗತ್ತೆ” ಎಂದ ಅಲ್ಲಿನವನು. ಹೊಸದಾಗುತ್ತದೆ, ನಿಜ. ಹೊಸದು ಮುನ್ನೂರು ರೂಪಾಯಿಗೆ ಅವನ ಗಾಜಿನ ಪೆಟ್ಟಿಗೆಯಲ್ಲಿಯೇ ನೇತಾಡುತ್ತಿತ್ತು.

ನಮ್ಮ ಮಹಡಿಯ ಮೇಲೆ ಬಾಡಿಗೆಗಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಯನ್ನು ಕರೆದೆ. ಆತ ಕಡ್ಡಿಯನ್ನು ಮುಟ್ಟುವ ಮೊದಲು ಕೇಳಿದ ಪ್ರಶ್ನೆಯಿಂದಲೇ ಅವನ ಮೇಲೆ ನನಗೆ ಭರವಸೆ ಹುಟ್ಟಿತು: “ಇದಾದ ಮೇಲೆ ಇದರೊಳಕ್ಕೆ ಏನಾದರೂ ಹಾಕಿದಿರಾ ಸಾರ್?” ಇಲ್ಲವೆಂದೆ. “ಹಾಗಾದರೆ ನೋಡೋಣ” ಎಂದ. ಮೊದಲು ಒಣಬಟ್ಟೆಯಿಂದ ತುದಿಯನ್ನು ಒರೆಸಿದ. ಕಂಪ್ಯೂಟರಿನ ಮುಂಭಾಗದ ಕಿಂಡಿಗೆ ತೆಳು ತಂತಿಯ ಮೂಲಕ ಸಂಪರ್ಕವಿರುತ್ತದೆ, ಹಿಂಭಾಗದ್ದು ನೇರವಾಗಿ ಮುಖ್ಯ ಹಲಗೆಗೇ ಸೇರಿರುತ್ತದೆ ಎಂದು ಹಿಂದಕ್ಕೆ ಹಾಕಿ ನೋಡಿದ. ತನ್ನ ಕಂಪ್ಯೂಟರಿಗೆ ಹಾಕಿ ನೋಡಿದ. ಎಷ್ಟೋ ಕಡ್ಡಿಗಳು ಇಷ್ಟರಲ್ಲಿಯೇ ಬದುಕಿಕೊಳ್ಳುತ್ತವಂತೆ. ಇದು ಬದುಕಲಿಲ್ಲ. ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಎಂಬ ಪರದೆಯನ್ನು ತೆರೆದ. ಅಲ್ಲಿ ಕಡ್ಡಿಯ ಗಾತ್ರ ಸರಿಯಾಗಿ ಕಾಣುತ್ತಿತ್ತು. ಒಳಗಿನ ಪದ್ಧತಿ ಯಾವುದೆಂಬ ಕಡೆ ಮಾತ್ರ ‘ರಾ’ ಎಂದಿತ್ತು. ಗಾತ್ರ ಕಾಣುತ್ತಿದ್ದರೆ ಜೀವವಿದೆ ಎಂದು ಅರ್ಥ. ಅದೂ ಕಾಣದೆ ಹೋಗಿದ್ದರೆ, ಚಿಪ್ಪನ್ನೇ ಬಿಚ್ಚಿ ಓದುವ ತಜ್ಞರ ಬಳಿಗೆ ಹೋಗಬೇಕಾಗುತ್ತಿತ್ತು. ಆ ಖರ್ಚು ನಮ್ಮಂಥವರ ಕೈಗೆ ಎಟುಕುವುದಲ್ಲ.

ಆತ ಹೇಳಿದ್ದನ್ನು ನಾನು ಅಕ್ಕನಿಗೆ ಜಮೀನಿನ ಭಾಷೆಯಲ್ಲಿ ಹೇಳಿದೆ. ಹೊಲ ಹೊಲದ ಜಾಗದಲ್ಲಿಯೇ ಇದೆ. ಯಾವ ಹೊಲ ಎಲ್ಲಿಂದ ಎಲ್ಲಿಯವರೆಗೆ, ಯಾರ ಹೆಸರಿನಲ್ಲಿ ಎಂದು ಬರೆದ ಪಹಣಿ ಪುಸ್ತಕಕ್ಕೆ ಗೆದ್ದಲು ಹತ್ತಿದೆ. ತ್ವರಿತ ಫಾರ್ಮ್ಯಾಟ್ ಎಂದರೆ ಆ ಪುಸ್ತಕ ಕಿತ್ತು ಖಾಲಿ ಪುಸ್ತಕ ಇಡುವುದು. ಪೂರ್ತಿ ಫಾರ್ಮ್ಯಾಟ್ ಎಂದರೆ, ಈಚಿನ ವಿಂಡೋಸುಗಳಲ್ಲಿ, ಹೊಲವನ್ನೂ ಉತ್ತು ಸೊನ್ನೆ ಬಿತ್ತುವುದು. ನಾವು ಒಂದು ಕಡತವನ್ನು ‘ಅಳಿಸಿದೆವು’ ಎಂದುಕೊಂಡಾಗಲೂ ಹೊಲಕ್ಕೆ ಏನೂ ಆಗಿರುವುದಿಲ್ಲ. ಆ ಹಳೆಯ ಫ್ಯಾಟ್ ಪದ್ಧತಿಯಲ್ಲಿ ಪಹಣಿಯಲ್ಲಿನ ಹೆಸರಿನ ಮೊದಲ ಅಕ್ಷರವನ್ನು ಹೊಡೆದುಹಾಕಿ, ‘ಈ ಜಾಗ ಖಾಲಿ’ ಎಂದು ಗುರುತು ಮಾಡುತ್ತದೆ, ಅಷ್ಟೆ. ಬೇರೆ ಯಾರಾದರೂ ಬಂದು ಅಲ್ಲಿ ಬಿತ್ತುವವರೆಗೆ ಹಳೆಯ ಬೆಳೆ ಹಾಗೆಯೇ ನಿಂತಿರುತ್ತದೆ.

“ಹಾಗಾದರೆ ಹಾಡು ಇದೆ ಅನ್ನು” ಎಂದಳು ಅಕ್ಕ. ಆಕೆಗೆ ಬೇಕಾದದ್ದು ಅಷ್ಟೇ ಮಾತು.

ಹುಡುಗ ಮೊದಲು ಇಡೀ ಕಡ್ಡಿಯ ಒಂದು ಅಚ್ಚುಪ್ರತಿಯನ್ನು ತನ್ನ ಕಂಪ್ಯೂಟರಿನಲ್ಲಿ ತೆಗೆದಿಟ್ಟುಕೊಂಡ. ಮುದಿ ಕಡ್ಡಿಯನ್ನು ಮತ್ತೆ ಮತ್ತೆ ಕೆದಕಬಾರದು, ಹುಡುಕಾಟವೆಲ್ಲ ಪ್ರತಿಯ ಮೇಲೆ ನಡೆಯಬೇಕು ಎಂದ. ಪ್ರತಿ ತೆಗೆಯುವುದಕ್ಕೇ ಆ ರಾತ್ರಿಯೆಲ್ಲ ಹಿಡಿಯಿತು. ನಡುನಡುವೆ ಓದಲಾಗದ ಜಾಗಗಳು ಸಿಕ್ಕಿ ಯಂತ್ರ ತಡವರಿಸುತ್ತಿತ್ತು. ಗೋಡೆಯಿಂದ ಸೋರಿಹೋದವು ಅಲ್ಲಿ ಎಂದು ನಾನು ಮನಸ್ಸಿನಲ್ಲಿಯೇ ಅಂದುಕೊಂಡೆ. ಮಾರನೆಯ ದಿನ ‘ಫೋಟೊರೆಕ್’ ಎಂಬ ತಂತ್ರಾಂಶವನ್ನು ಹಚ್ಚಿದ. ಇದಕ್ಕೆ ಕಾಸು ಕೊಡಬೇಕಾಗಿಲ್ಲ. ಕ್ರಿಸ್ಟೋಫ್ ಗ್ರೆನಿಯೆ ಎಂಬವರು ಮಾಡಿ ಲೋಕಕ್ಕೆ ಬಿಟ್ಟುಕೊಟ್ಟಿದ್ದಾರೆ. ಹೆಸರಿನಲ್ಲಿ ಫೋಟೊ ಇದ್ದರೂ ಎಲ್ಲ ಬಗೆಯ ಕಡತಗಳನ್ನೂ ಹುಡುಕುತ್ತದೆ. ಅದು ಪಹಣಿಯನ್ನು ನೋಡುವುದೇ ಇಲ್ಲ. ಹೊಲದಲ್ಲಿ ಕೊನೆಯಿಂದ ಕೊನೆಗೆ ನಡೆದು, ಇಲ್ಲಿ ಭತ್ತ ಶುರುವಾಯಿತು, ಇಲ್ಲಿ ಕಬ್ಬು ಶುರುವಾಯಿತು ಎಂದು ಬೆಳೆಯ ಗುರುತಿನಿಂದಲೇ ಬೇರ್ಪಡಿಸುತ್ತದೆ. ಆದ್ದರಿಂದ ಸಿಕ್ಕಿದ್ದಕ್ಕೆ ಹೆಸರಿರುವುದಿಲ್ಲ. ‘ಎಫ್’ ಎಂಬ ಒಂದಕ್ಷರ, ಅದರ ಮುಂದೆ ಏಳೆಂಟು ಅಂಕಿ. ಆಸ್ಪತ್ರೆಯಲ್ಲಿ ಮಗುವಿನ ಕೈಗೆ ಕಟ್ಟುವ ಚೀಟಿಯಂತೆ.

ಮೂವತ್ತೇಳು ಕಡತಗಳು ಸಿಕ್ಕಿದವು.

ಹೆಸರಿಡುವ ಕೆಲಸಕ್ಕೆ ಅಕ್ಕನ ಹೊರತು ಇನ್ನಾರಿಂದಲೂ ಆಗುತ್ತಿರಲಿಲ್ಲ. ನಾನು ಹಾಡು ಹಚ್ಚುವುದು. ಆಕೆ ಕಣ್ಣು ಮುಚ್ಚಿ ಕೇಳುವುದು. ಭಾವನ ನೋಟ್‌ಪುಸ್ತಕದಲ್ಲಿ ಅದರ ಸಂಖ್ಯೆಯನ್ನು ಹುಡುಕಿ ಗುರುತು ಹಾಕುವುದು. ಮೂರು ಮಧ್ಯಾಹ್ನ ಹೀಗೆ ಕುಳಿತೆವು. ಬಹಳ ಹಾಡುಗಳನ್ನು ಅಮ್ಮ ಬಾಯಿ ತೆರೆಯುವ ಮೊದಲೇ, ಉಸಿರು ಎಳೆದುಕೊಳ್ಳುವ ರೀತಿಯಿಂದಲೇ ಆಕೆ ಗುರುತು ಹಿಡಿದಳು. “ಇದು ಬೀಗಿತ್ತಿ ಹಾಡು ಕಣೋ, ನಗು ತಡ್ಕೊಂಡಿದಾಳೆ ನೋಡು” ಎಂದರೆ, ಹಿಂದೆಯೇ ಹಾಡು ಬರುತ್ತಿತ್ತು. ಎರಡು ಹಾಡುಗಳು ಅರ್ಧಕ್ಕೇ ತುಂಡಾಗಿದ್ದವು. ಒಂದರ ನಡುವೆ ಕುಕ್ಕರು ಕೂಗಿತು, ಅಮ್ಮ ರಾಗ ಬಿಡದೆಯೇ ‘ಎರಡಾಯ್ತು’ ಎಂದು ಯಾರಿಗೋ ಹೇಳಿ ಮುಂದುವರಿದರು. ಬಾಗಿಲು ತಡೆಯುವ ಹಾಡು ಪೂರ್ತಿಯಾಗಿ, ಒಂದು ಚೂರೂ ಮಾಸದೆ ಸಿಕ್ಕಿತ್ತು. ಅಕ್ಕನಿಗೆ ಅದನ್ನು ಆರು ಸಲ ಹಚ್ಚಿದೆ.

ಮೂವತ್ತಾರಕ್ಕೆ ಪಟ್ಟಿಯಲ್ಲಿ ಹೆಸರು ದೊರೆತವು. ಏಳು ಹಾಡುಗಳು ಹೋಗಿದ್ದವು. ಆ ಏಳರಲ್ಲಿ ಮೂರು ಅಕ್ಕನಿಗೆ ಬರುತ್ತಿದ್ದವು. ಕೊರಳು ಸರಿಪಡಿಸಿಕೊಂಡು ತಾನೇ ಹೇಳಿ ನನ್ನ ಫೋನಿಗೆ ತುಂಬಿಸಿದಳು. ಒಂದು ತೊಟ್ಟಿಲ ಹಾಡು, ಎರಡು ಆರತಿಯ ಹಾಡು. “ಅಮ್ಮನ ಹಾಗಿಲ್ಲ” ಎಂದು ಮೂರಕ್ಕೂ ಮೂರು ಸಲ ಹೇಳಿದಳು. ಮಿಕ್ಕ ನಾಲ್ಕು, ನೋಟ್‌ಪುಸ್ತಕದಲ್ಲಿ ಭಾವನ ದುಂಡು ಅಕ್ಷರದ ಹೆಸರುಗಳಾಗಿ ಮಾತ್ರ ಇವೆ.

ಲೆಕ್ಕ ಬಲ್ಲವರು ಒಂದು ಕಡತ ಉಳಿಯಿತೆಂಬುದನ್ನು ಗಮನಿಸಿರಬಹುದು. ಅದು ಪಟ್ಟಿಯಲ್ಲಿ ಇರಲಿಲ್ಲ. ಚೆನ್ನಾಗಿ ಬರಲಿಲ್ಲವೆಂದು ಭಾವ ೨೦೧೧ರಲ್ಲಿಯೇ ಅಳಿಸಿಹಾಕಿದ್ದ ಕಡತವಿರಬೇಕು. ಆಮೇಲೆ ಆ ಜಾಗದಲ್ಲಿ ಏನೂ ಬರೆಯದಿದ್ದುದರಿಂದ ಹೊಲದಲ್ಲಿ ಹಾಗೆಯೇ ನಿಂತಿತ್ತು. ಹಚ್ಚಿದೆ. ಹಾಡಿಲ್ಲ. “ಶುರುವಾಯ್ತೇನೋ ಅದು?” ಎಂದು ಅಮ್ಮನ ಧ್ವನಿ. “ಆಗಿದೆ ಅತ್ತೆ, ನೀವು ಹೇಳಿ” ಎಂದು ಭಾವ. “ನನಗೆ ನಾಚಿಕೆ ಆಗತ್ತಪ್ಪ, ಅದನ್ನ ಆ ಕಡೆ ಇಡಿ.” “ಇಲ್ಲಿ ಯಾರಿದಾರೆ ಅತ್ತೆ ನಾಚ್ಕೊಳ್ಳೋಕೆ, ನಾನೊಬ್ಬ.” ಆಮೇಲೆ ಇಬ್ಬರೂ ನಗುತ್ತಾರೆ. ನಗು ಮುಗಿಯುವ ಮೊದಲೇ ಕಡತ ನಿಂತುಹೋಗುತ್ತದೆ. ಎಲ್ಲ ಸೇರಿ ಅರ್ಧ ನಿಮಿಷ. ನಲವತ್ತಮೂರು ಹಾಡಿನಲ್ಲಿ ಎಲ್ಲಿಯೂ ಭಾವ ಒಂದು ಮಾತು ಆಡಿರಲಿಲ್ಲ. ಫೋನು ಹಿಡಿದು ಉಸಿರು ಬಿಗಿದು ಕುಳಿತಿದ್ದರು.

ಅಕ್ಕ ಮತ್ತೆ ಹಚ್ಚು ಎನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಕಾಫಿಗೆ ನೀರಿಟ್ಟಳು.

ಈಗ ಆ ಹಾಡುಗಳು ನಮ್ಮ ಮನೆಯ ಕಂಪ್ಯೂಟರಿನಲ್ಲಿ ಒಂದು ಕಡೆ, ಅಕ್ಕನ ಮಗ ಕೊಂಡುಕೊಟ್ಟ ದೊಡ್ಡ ಡಿಸ್ಕಿನಲ್ಲಿ ಒಂದು ಕಡೆ, ಅಂತರ್ಜಾಲದ ಉಗ್ರಾಣದಲ್ಲಿ ಒಂದು ಕಡೆ ಇವೆ. “ವರ್ಷಕ್ಕೆ ಒಂದು ಸಲ ಎಲ್ಲಾನೂ ತೆಗೆದು ಕೇಳಿ ನೋಡ್ತೀನಿ ಮಾವ” ಎಂದು ಆತ ಹೇಳಿದ್ದಾನೆ. ಈವರೆಗೆ ಮಾತಿಗೆ ತಪ್ಪಿಲ್ಲ. ಎಲ್ಲಕ್ಕೂ ಭಾವನ ಪಟ್ಟಿಯಂತೆಯೇ ಸಂಖ್ಯೆ, ಹೆಸರು, ಸಂದರ್ಭಗಳನ್ನು ಹಾಕಿದ್ದೇನೆ. ಆ ಕೊನೆಯ ಕಡತಕ್ಕೆ ಏನೆಂದು ಹೆಸರಿಡಲಿ ಎಂದು ಅಕ್ಕನನ್ನು ಕೇಳಿದಾಗ, “ಅದಕ್ಕೆ ಏನೂ ಬೇಡ, ಹಾಗೇ ಇರಲಿ” ಎಂದಳು. ಅದೊಂದು ಮಾತ್ರ ಇನ್ನೂ ‘ಎಫ್’ ಮತ್ತು ಏಳು ಅಂಕಿಗಳ ಹೆಸರಿನಲ್ಲಿಯೇ, ಪಟ್ಟಿಯ ಕೊನೆಯಲ್ಲಿ, ನಲವತ್ತಮೂರರ ಕೆಳಗೆ ಇದೆ.